ಇಳಿಯದೆ ನಿಂತ ಸ್ವರ

ಗಾಯಕರೊಬ್ಬರಿಗೆ ಪಿಯಾನೋ ಸಾಥ್ ಕೊಡಲು ಗಂಡನೊಂದಿಗೆ ರೋಸ್ಟಾಕ್‌ಗೆ ಹೋಗಿದ್ದ ರೋಸ್ವಿಥಾ, ಲೈಪ್‌ಜಿಗ್‌ನ ಮನೆಗೆ ಮರಳಿದವಳೇ ಪಿಯಾನೋ ಮುಂದೆ ಕೂತಳು. ನಡುವಿನ ಒಂದು ಕೀ ಒತ್ತಿ ಬೆರಳು ತೆಗೆದಳು. ಸ್ವರ ನಿಲ್ಲದೆ ಗುಂಯ್‌ಗುಡುತ್ತಲೇ ಇತ್ತು.

"ಯಾರೋ ಇದರೊಳಗೆ ಕೈ ಹಾಕಿದಾರೆ."

ಗಂಡ ಫೋಲ್ಕ್‌ಮಾರ್ ತಟ್ಟನೆ ರೇಡಿಯೋ ಜೋರು ಮಾಡಿದ. ಅವನ ಸ್ವಂತ ತಮ್ಮ ಗಡಿ ದಾಟಿ ಪಶ್ಚಿಮ ಜರ್ಮನಿಗೆ ಓಡಿಹೋದಂದಿನಿಂದ, ಗುಪ್ತ ಪೊಲೀಸರು ಕದ್ದು ಕೇಳುತ್ತಾರೆಂದು ಅವನು ಮನೆಯಲ್ಲೂ ಪಿಸುಗುಟ್ಟುತ್ತಿದ್ದ. "ಬೀಗದಕೈ ಯಾರ ಹತ್ರ ಇತ್ತು?"

"ಕೆಳಗಿನ ಮನೆ ಲೆಷ್ನರ್ ಹತ್ರ. ಹೂಕುಂಡಕ್ಕೆ ನೀರು ಹಾಕ್ತೀನಿ ಅಂತ ತಾನಾಗೇ ಬಂದು ಕೇಳಿದ್ಳು. ನಾನು ನುಡಿಸಿದ್ರೆ ಪೊರಕೆಯಿಂದ ಸೂರು ಕುಟ್ಟೋಳಿಗೆ ಏನಪ್ಪಾ ಇಷ್ಟು ಅಕ್ಕರೆ?"

"ಮೈಕ್ ಇಟ್ಟಿರ್ತಾಳೆ. ತೆಗಿ ಮುಚ್ಚಳ."

ತಂತಿಗಳ ಮೇಲೆ ಮರದ ಪುಟ್ಟ ತುಂಡುಗಳು ಸಾಲಾಗಿ ಕೂತಿದ್ದವು, ಅಡಿಯಲ್ಲಿ ದಪ್ಪ ಉಣ್ಣೆ ಅಂಟಿಸಿಕೊಂಡು. ಕೀ ಒತ್ತಿದಾಗ ಅದರ ತುಂಡು ಮೇಲೆದ್ದು ತಂತಿಯನ್ನು ಬಿಡುತ್ತದೆ. ಬೆರಳು ತೆಗೆದರೆ ತನ್ನ ಭಾರಕ್ಕೇ ಇಳಿದು ಸದ್ದಡಗಿಸುತ್ತದೆ. ರೋಸ್ವಿಥಾ ಬಲಗಡೆಯ ಪೆಡಲ್ ತುಳಿದಳು. ಸಾಲು ಪೂರ್ತಿ ಎದ್ದಿತು. ಕಾಲು ತೆಗೆದಳು. ಒಂದು ತುಂಡು ಮಾತ್ರ ಮೇಲೇ ನಿಂತಿತು. ಅದರ ಸಣ್ಣ ಸರಳು ಓಡಾಡುವ ತೂತಿನೊಳಗೆ ಅಂಟಿಸಿದ ಬಟ್ಟೆ ಒದ್ದೆಯಾಗಿ ಉಬ್ಬಿ, ಸರಳನ್ನು ಬಿಗಿಹಿಡಿದಿತ್ತು. ಎಷ್ಟು ತಡಕಿದರೂ ಮೈಕ್ ಸಿಗಲಿಲ್ಲ.

"ಹೂಕುಂಡ ಇರೋದು ಕಿಟಕೀಲಿ," ಎಂದ ಫೋಲ್ಕ್‌ಮಾರ್. "ಇಲ್ಲಿಗೆ ನೀರು ಹೇಗೆ ಬಂತು?"

ರೋಸ್ವಿಥಾ ದಡದಡನೆ ಕೆಳಗಿಳಿದಳು.

"ಲೆಷ್ನರ್ ಅವರೇ, ನಮ್ಮ ಪಿಯಾನೋದಲ್ಲಿ ಏನು ಹುಡುಕ್ತಿದ್ರಿ? ಯಾರಿಗೆ ವರದಿ ಕೊಡೋಕೆ?"

ಬಾಗಿಲು ತೆರೆದ ಮುದುಕಿಯ ಮುಖ ಕೆಂಪೇರಿತು. "ನನ್ನನ್ನ ಅಂಥೋಳು ಅಂದ್ಕೊಂಡ್ರಾ? ನುಡಿಸ್ತಿದ್ದೆ ಕಣ್ರೀ. ನೀರಿನ ಹೂಜಿ ಅದರ ಮೇಲಿಟ್ಟಿದ್ದೆ, ಉರುಳ್ತು. ಒರೆಸಿದೆ. ಹೇಳೋಕೆ ಬಾಯಿ ಬರಲಿಲ್ಲ."

"ಸೂರು ಕುಟ್ಟೋರು ನುಡಿಸ್ತೀರಾ?"

"ಯುದ್ಧದಲ್ಲಿ ನಮ್ಮ ಪಿಯಾನೋ ಮನೆ ಜೊತೆಗೇ ಸುಟ್ಟುಹೋಯ್ತು. ನಿಮ್ಮದು ಕೇಳಿಸಿದ್ರೆ ಹೊಟ್ಟೆ ಉರೀತಿತ್ತು. ಅದಕ್ಕೇ ಕುಟ್ತಿದ್ದೆ."

"ಹಾಗಾದ್ರೆ ಬನ್ನಿ. ನುಡಿಸಿ ತೋರ್ಸಿ."

ಮುದುಕಿ ಮನೆಯ ಚಪ್ಪಲಿಯಲ್ಲೇ ಮೇಲೆ ಬಂದು ಕೂತಳು. ಬೆರಳುಗಳು ಮರಗಟ್ಟಿದ್ದವು, ಬಲಗೈ ಮತ್ತೆಮತ್ತೆ ತಪ್ಪಿತು. ಆದರೆ ಎಡಗೈ ವಾಲ್ಟ್ಸ್ ಕುಣಿತದ ತಾಳವನ್ನು ಒಮ್ಮೆಯೂ ಬಿಡಲಿಲ್ಲ. ಕೆಟ್ಟ ಸ್ವರ ಬಂದಾಗಲೆಲ್ಲ ರೋಸ್ವಿಥಾ ಬಗ್ಗಿ, ಎದ್ದು ನಿಂತ ತುಂಡನ್ನು ಬೆರಳಿನಿಂದ ತಂತಿಗೆ ಒತ್ತಿ ಸದ್ದು ನಿಲ್ಲಿಸಿದಳು. ಹಾಗೆ ಇಬ್ಬರೂ ಸೇರಿ ಹಾಡನ್ನು ಮುಗಿಸಿದರು.

"ಗುರುವಾರ ಬನ್ನಿ," ಎಂದಳು ರೋಸ್ವಿಥಾ. "ನಾನು ಇದ್ದಾಗ."

ಮುದುಕಿ ಇಳಿದುಹೋದ ಮೇಲೆ ಫೋಲ್ಕ್‌ಮಾರ್ ಕೇಳಿದ: "ನುಡಿಸೋಕೆ ಬರುತ್ತೆ ಅಂದಮಾತ್ರಕ್ಕೆ ವರದಿ ಕೊಡಲ್ಲ ಅಂತಾನಾ?"

ರೋಸ್ವಿಥಾ ಒದ್ದೆ ಬಟ್ಟೆ ಒಣಗಲೆಂದು ಪಿಯಾನೋ ಮುಚ್ಚಳ ತೆರೆದೇ ಬಿಟ್ಟಳು. ಗುರುವಾರ ಲೆಷ್ನರ್ ಪ್ಲಮ್ ಕೇಕ್ ಹಿಡಿದು ಬಂದಳು. ಹೆಂಗಸರಿಬ್ಬರೂ ಅಕ್ಕಪಕ್ಕ ಕೂತು ನುಡಿಸಿದರು. ಫೋಲ್ಕ್‌ಮಾರ್ ಅಡಿಗೆಮನೆಯಲ್ಲಿ ಕೇಕ್ ತಿಂದ. ಮುದುಕಿಯ ಕಿವಿಗೆ ಏನೂ ಬೀಳಬಾರದೆಂದು, ಅವಳು ಹೋಗುವವರೆಗೂ ತುಟಿ ಬಿಚ್ಚಲಿಲ್ಲ.