ಗುಂಡಿಯಿಲ್ಲದ ಕೋಟಿನ ಗುಂಡಿ ದೊರೆ

ನಮ್ಮ ಹೊಳೆದಂಡೆಯ ಪೇಟೆಯಿಂದ ವರ್ಷವರ್ಷವೂ ಮೂಟೆಗಟ್ಟಲೆ ಗುಂಡಿಗಳು ರೈಲು ಹತ್ತಿ, ದೇಶದ ಎಷ್ಟೋ ಲಕ್ಷ ಎದೆಗಳನ್ನು ಮುಚ್ಚಲು ದಿಗ್ವಿಜಯಕ್ಕೆ ಹೊರಡುತ್ತಿದ್ದವು. ಅವುಗಳಲ್ಲಿ ಅರ್ಧಪಾಲನ್ನು ಮಾಡಿಸಿದ ಪಾನ್ ಗೆನ್‌ಫುವಿನ ನೀಲಿ ಕೋಟಿಗೆ ಮಾತ್ರ ಇದ್ದದ್ದು ಮೂರೇ ಗುಂಡಿ, ಮೂರಕ್ಕೂ ಮೂರು ಬಣ್ಣ. ಉಳಿದೆರಡರ ಜಾಗದಲ್ಲಿ ಸೆಣಬಿನ ದಾರ. ಆ ದಾರವನ್ನು ಎಡಗೈಯಲ್ಲಿ ಹಿಡಿದು, ಇಲ್ಲದ ಗಾಳಿಗೆ ತಲೆಬಾಗಿಸಿ, ಗೋಡೆಗೆ ಅಂಟಿಕೊಂಡಂತೆ ನಡೆಯುವ ಆತನನ್ನು ಕಂಡು ಪರವೂರಿನವನೊಬ್ಬ ಮರುಗಿ, ಹಬೆಯಲ್ಲಿ ಬೇಯಿಸಿದ ರೊಟ್ಟಿಯೊಂದನ್ನು ಕೊಡಿಸಿದ್ದ. ಪಾನ್ ಅದನ್ನು ತಿಂದು ಇನ್ನೊಂದನ್ನೂ ಕೇಳಿ ಪಡೆದ.

ಕಾರಣ ಕೇಳಿದ್ದಕ್ಕೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ಮೇಷ್ಟ್ರೇ, ಗುಂಡಿ ಪೂರ್ತಿ ಇರೋನನ್ನ ಜನ ತಿರುಗಿ ನೋಡ್ತಾರೆ. ತಿರುಗಿ ನೋಡಿದೋರು ಬರ್ಕೋತಾರೆ."

ಇದು ಬರಿಯ ಅಂಜಿಕೆಯಲ್ಲ. ಹೊಳೆಯಾಚೆ ಬೋಲ್ಟು ಮಾಡಿಸುತ್ತಿದ್ದ ಒಬ್ಬನನ್ನು ಜನ ಪ್ರೀತಿಯಿಂದ 'ಬೋಲ್ಟಿನ ದೊರೆ' ಎಂದು ಕರೆದರು. ಪಟ್ಟಾಭಿಷೇಕವಾದ ಆರೇ ತಿಂಗಳಿಗೆ ಮೇಲಿನವರ ಗಾಳಿ ತಿರುಗಿ, ಖಾಸಗಿ ಗಳಿಕೆ ಅಪರಾಧವಾಗಿ, ದೊರೆ ಜೈಲು ಸೇರಿದ. ಗಾಳಿ ಮತ್ತೆ ತಿರುಗಿದಾಗ ಎದೆಗೆ ಕೆಂಪು ಕಾಗದದ ಹೂ ಕಟ್ಟಿಸಿಕೊಂಡು ಹೊರಬಂದನಾದರೂ, ಅಷ್ಟರಲ್ಲಿ ಯಂತ್ರಗಳು ತುಕ್ಕು ತಿಂದಿದ್ದವು. ಅಂದಿನಿಂದ ಪಾನ್, ಅಂಚೆಕಚೇರಿಯ ಗೋಡೆಗೆ ಅಂಟಿಸುವ ಪತ್ರಿಕೆಯ ಮೊದಲ ಪುಟವನ್ನು ನನ್ನಿಂದ ಓದಿಸಿಕೊಳ್ಳದೆ ಕಾರ್ಖಾನೆಯ ಬೀಗ ತೆಗೆಯುತ್ತಿರಲಿಲ್ಲ. 'ಧೈರ್ಯವಾಗಿ' ಎಂಬ ಮಾತು ಇದ್ದರೆ ಎರಡು ಯಂತ್ರ ಹೆಚ್ಚಿಗೆ ಓಡುತ್ತಿದ್ದವು. 'ದೃಢವಾಗಿ' ಎಂದಿದ್ದರೆ ಹಿಡಿತ ಬಿಗಿಯಾಗುವ ಸೂಚನೆ, ಎರಡು ನಿಲ್ಲುತ್ತಿದ್ದವು. 'ಧೈರ್ಯವಾಗಿ ಹಾಗೂ ದೃಢವಾಗಿ' ಎಂದು ಬಂದ ದಿನ ಆತ ಜ್ವರವೆಂದು ಕಂಬಳಿ ಹೊದ್ದು ಮಲಗಿಬಿಟ್ಟ.

ಪಕ್ಷದ ಆಗಿನ ಧರ್ಮಶಾಸ್ತ್ರದಂತೆ ಏಳು ಆಳುಗಳನ್ನು ಇಟ್ಟುಕೊಂಡವನು ಕಷ್ಟಜೀವಿ. ಎಂಟನೆಯ ಆಳು ಹೊಸ್ತಿಲು ದಾಟಿದ ಗಳಿಗೆಯಿಂದ ಅವನೇ ಶೋಷಕ. ಪಾನ್‌ಗೆ ಬೇಕಾಗಿದ್ದದ್ದು ಅರವತ್ತಮೂರು ಮಂದಿ. ಉದ್ದನೆಯ ಕೊಟ್ಟಿಗೆಗೆ ಎಂಟು ಅಡ್ಡಗೋಡೆ ಎಬ್ಬಿಸಿ, ಒಂಬತ್ತು ಬಾಗಿಲು ಇಡಿಸಿ, ಒಂದನ್ನು ತನ್ನ ಹೆಸರಿಗೆ, ಇನ್ನೊಂದನ್ನು ಹೆಂಡತಿಯ ಹೆಸರಿಗೆ, ಮತ್ತೊಂದನ್ನು ಅತ್ತೆಯ ಹೆಸರಿಗೆ ಹೀಗೆ ಹಂಚುತ್ತ ಹೋಗಿ, ಒಂಬತ್ತನೆಯದನ್ನು ಎರಡೇ ಹಲ್ಲು ಉಳಿದಿದ್ದ ತನ್ನ ಸೋದರತ್ತೆಗೆ ಬರೆಸಿದ. ಪೇಟೆಯ ಪಕ್ಷದ ಕಾರ್ಯದರ್ಶಿ ದಾಯ್ ಇದನ್ನು 'ಒಂಬತ್ತು ಮಾದರಿ ಮನೆಕಸುಬುಗಳು' ಎಂದು ಜಿಲ್ಲೆಗೆ ವರದಿ ಮಾಡಿ, ಜರಿಯಂಚಿನ ಕೆಂಪು ಪತಾಕೆಯೊಂದನ್ನು ಗೆದ್ದು ಕಚೇರಿಯ ಗೋಡೆಗೆ ತೂಗುಹಾಕಿದ.

ಆದರೆ ಖಾಸಗಿ ಹೆಸರಿನ ಮೂಟೆಯನ್ನು ರೈಲಿನವರು ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ಪಾನ್, ಪೇಟೆಯ ಅರ್ಧ ಮಂದಿಯಂತೆ, ನಾವು ಕೆಂಪು ಟೋಪಿ ಎನ್ನುವುದನ್ನು ಹಾಕಿಕೊಂಡ: ಹೆಬ್ಬಾಗಿಲಿಗೆ 'ಜನತಾ ಸಾಮೂಹಿಕ ಗುಂಡಿ ಕಾರ್ಖಾನೆ' ಎಂಬ ಫಲಕ. ಅಕ್ಷರ ನನ್ನದು, ಮೊಹರು ದಾಯ್‌ನದು. ತಲೆ ನಮ್ಮದಾದರೂ ಟೋಪಿ ಅವರದೆಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಗಾಳಿ ಹಿತವಾಗಿ ಬೀಸತೊಡಗಿದಾಗ. ಒಂದು ತಿಂಗಳು ಪೂರ್ತಿ ಪತ್ರಿಕೆಯಲ್ಲಿ 'ಧೈರ್ಯವಾಗಿ' ಬಿಟ್ಟರೆ ಬೇರೆ ಮಾತಿಲ್ಲ. ಸಾಮೂಹಿಕ ಕಾರ್ಖಾನೆಗಳನ್ನು ದೊಡ್ಡ ಕಂಪನಿಗಳಾಗಿ ಮಾಡಬಹುದೆಂದು ಅಪ್ಪಣೆಯಾಯಿತು. ಮರುದಿನವೇ ದಾಯ್ ಕಾಗದಗಳೊಡನೆ ದಂಡೆತ್ತಿ ಬಂದ. ಹಿಂದೆ ಹೊಸ ಚರ್ಮದ ಬೂಟು ತೊಟ್ಟ ಅವನ ಭಾವಮೈದುನ, ಕಂಪನಿಯ ಭಾವೀ ಅಧ್ಯಕ್ಷ. ಫಲಕದ ಪ್ರಕಾರ ಕಾರ್ಖಾನೆ ಜನತೆಯದು, ಜನತೆಯ ಪರವಾಗಿ ಪಕ್ಷದ ಕಚೇರಿಯದು, ಪಾನ್ ಬೇಕಾದರೆ ಮೇಸ್ತ್ರಿಯಾಗಿ ಉಳಿಯಬಹುದು ಎಂದು ದಾಯ್ ವಿವರಿಸಿದ. ಯಂತ್ರಗಳು ಒಂದೊಂದಾಗಿ ನಿಂತವು. ಮೊದಲ ಯಂತ್ರವನ್ನು ಶಾಂಘೈಯಿಂದ ಹೆಗಲಮೇಲೆ ಹೊತ್ತು ತಂದವನ ಹನ್ನೊಂದು ವರ್ಷದ ಬಾಳು ಆ ಕಾಗದದ ಕೆಳಗೆ ಸಿಕ್ಕಿಕೊಂಡಿತ್ತು.

ಪಾನ್ ದಾರ ಹಿಡಿದು ಸೊಂಟ ಬಗ್ಗಿಸಿದ. "ಬನ್ನಿ ಕಾರ್ಯದರ್ಶಿಗಳೇ, ನಿಮ್ಮ ಆಸ್ತಿ ನೀವೇ ಕಣ್ಣಾರೆ ನೋಡ್ಕೊಳ್ಳಿ."

ಮೊದಲ ಬಾಗಿಲಲ್ಲಿ ನಿಂತು ವಿನಯದಿಂದ ಕೇಳಿದ: "ಇದು ನಿಮ್ಮ ಪತಾಕೆಯ ಒಂಬತ್ತರಲ್ಲಿ ಒಂದನೇ ಮನೆ. ಇದು ಕಾರ್ಖಾನೆಗೆ ಸೇರತ್ತೋ, ಪತಾಕೆಗೆ ಸೇರತ್ತೋ, ನೀವೇ ಅಪ್ಪಣೆ ಕೊಡ್ಬೇಕು."

ಎರಡನೆಯ ಬಾಗಿಲಲ್ಲೂ ಅದೇ ಪ್ರಶ್ನೆ, ಮೂರನೆಯದರಲ್ಲೂ ಅದೇ. ನಾಲ್ಕನೆಯದಕ್ಕೆ ಬರುವಾಗ ದಾಯ್ ಬೆವರು ಒರೆಸಿಕೊಳ್ಳುತ್ತಿದ್ದ. ಕಾರ್ಖಾನೆ ಒಂದೇ ಎಂದರೆ ಒಂಬತ್ತು ಮನೆ ಸುಳ್ಳು. ಆ ಸುಳ್ಳನ್ನು ಜಿಲ್ಲೆ ನಂಬಿ ಪ್ರಾಂತಕ್ಕೆ ಬರೆದಿತ್ತು, ಪ್ರಾಂತ ಇನ್ನೂ ಮೇಲಕ್ಕೆ. ಮೇಲಿನವರು ಒಮ್ಮೆ ನಂಬಿದ ಸುಳ್ಳನ್ನು ಕೆಳಗಿನಿಂದ ಎಳೆದು ತೆಗೆಯಬಲ್ಲ ಗಂಡು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಒಂಬತ್ತನೆಯ ಬಾಗಿಲಲ್ಲಿ ಸೋದರತ್ತೆ ಮಣೆ ಹಾಕಿಕೊಂಡು ಕೂತಿದ್ದಳು.

"ಹೋದ ವರ್ಷ ನನ್ನ ಕೈ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ಯಲ್ಲಪ್ಪ," ಎಂದಳು. "ಈ ಅಜ್ಜೀನೇ ಮಾಲೀಕಳು ಅಂತ ಜಿಲ್ಲೆಯೋರಿಗೆ ತೋರಿಸ್ದೆ. ಈಗ ಗುರುತೇ ಸಿಗ್ಲಿಲ್ವಾ?"

ಭಾವಮೈದುನ ಕಂಗಾಲಾಗಿ ಸುತ್ತ ನೋಡಿದ. "ಹಂಗಾದ್ರೆ ಕಾರ್ಖಾನೆ ಎಲ್ಲಿದೆ ಭಾವ?"

ಪಾನ್ ಏಣಿ ತಂದು, ಹೆಬ್ಬಾಗಿಲ ಫಲಕ ಇಳಿಸಿ, ತೋಳಿನಿಂದ ಧೂಳು ಒರೆಸಿ, ಎರಡೂ ಕೈಯಲ್ಲಿ ದಾಯ್‌ಗೆ ಒಪ್ಪಿಸಿದ. "ಇದೇ ಸ್ವಾಮಿ. ಪೂರ್ತಿ ಸಾಮೂಹಿಕ."

ದಾಯ್ ಕೈಯಲ್ಲಿದ್ದ ಫಲಕವನ್ನೊಮ್ಮೆ, ಒಂಬತ್ತು ಬಾಗಿಲುಗಳನ್ನೊಮ್ಮೆ ನೋಡಿದ. ಆಮೇಲೆ, ದಡ್ಡನಲ್ಲದ ಕಾರಣ, ನಕ್ಕುಬಿಟ್ಟ. ತಾನೇ ಏಣಿ ಹತ್ತಿ ಫಲಕವನ್ನು ಮತ್ತೆ ತೂಗುಹಾಕಿದ. ಅಧಿಕಾರದ ನಗುವನ್ನು ಬರಿಗೈಯಲ್ಲಿ ಕಳಿಸಬಾರದೆಂದು ಬಲ್ಲ ಪಾನ್, ಯಂತ್ರವಿಲ್ಲದ ಹತ್ತನೆಯ ಕೋಣೆಯೊಂದನ್ನು ಕಟ್ಟಿಸಿ ಭಾವಮೈದುನನನ್ನು 'ಸಲಹೆಗಾರ'ನಾಗಿ ಸೋಫಾದ ಮೇಲೆ ಪ್ರತಿಷ್ಠಾಪಿಸಿದ. ಆತ ಇಂದಿಗೂ ಅಲ್ಲಿ ಚಹಾ ಕುಡಿಯುತ್ತಾನೆ. ಯಾರೂ ಸಲಹೆ ಕೇಳಿಲ್ಲ.

ಮರುವರ್ಷ ಜಿಲ್ಲೆಯವರು ಪಾನ್‌ನನ್ನು ಮಾದರಿ ಉದ್ಯಮಿಯೆಂದು ವೇದಿಕೆ ಹತ್ತಿಸಿದರು. ಕೆಂಪು ಹೂವನ್ನು ಸಿಕ್ಕಿಸಲು ಗುಂಡಿ ಹುಡುಕಿ ಸೋತ ಅಧಿಕಾರಿ ಅದನ್ನು ಸೆಣಬಿನ ದಾರಕ್ಕೇ ಕಟ್ಟಿದ. ಎಲ್ಲವೂ ಮೇಲಿನವರ ಮಾರ್ಗದರ್ಶನ ಎಂದಷ್ಟೇ ಹೇಳಿ ಪಾನ್ ಕೆಳಗಿಳಿದ. ಮರುದಿನ ಬೆಳಿಗ್ಗೆ ಪತ್ರಿಕೆಯ ಗೋಡೆಯೆದುರು, ಅವನದೇ ಚಿತ್ರದ ಕೆಳಗೆ ನಿಂತು, ಇನ್ನಾದರೂ ಉಳಿದೆರಡು ಗುಂಡಿ ಹೊಲಿಸಿಕೋ ಮಾರಾಯ ಎಂದೆ. ಆತ ಚಿತ್ರವನ್ನು ಬಹಳ ಹೊತ್ತು ನೋಡಿ, ಇದ್ದ ಮೂರರಲ್ಲಿ ಒಂದನ್ನು ಪಟ್ಟನೆ ಕಿತ್ತು ನನ್ನ ಅಂಗೈಯಲ್ಲಿಟ್ಟ.

"ಫೋಟೋ ಬಂದ್ಬಿಡ್ತಲ್ಲ ಮೇಷ್ಟ್ರೇ. ಇನ್ಮೇಲೆ ಎರಡು ಸಾಕು."

ಗಾಳಿ ಬಂದಾಗ ತೂರಿಕೊಳ್ಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಆದರೆ ಗಾಳಿಯೂ ಕಣವೂ ಇನ್ನೊಬ್ಬರವೆಂದು ತಿಳಿದೂ, ಒಂದು ಕಣ್ಣನ್ನು ಮುಗಿಲಿನ ಮೇಲಿಟ್ಟೇ ರಾಶಿ ಮಾಡಿಕೊಂಡು, ಕೊನೆಗೆ ಮೊರವನ್ನೂ ಬಚ್ಚಿಡುವವರು ಬೇರೆಯೇ ಕುಲ. ನಮ್ಮಂಥ ನಾಡುಗಳ ಸಿರಿ ಎದ್ದು ನಿಂತದ್ದು ಅವರ ಬಾಗಿದ ಬೆನ್ನಿನ ಮೇಲೆ. ಇತಿಹಾಸ ಅವರನ್ನು ತಿರುಗಿ ನೋಡುವುದಿಲ್ಲ, ಹೆಸರು ಬರೆದುಕೊಳ್ಳುವುದೂ ಇಲ್ಲ. ಅವರು ಹಗಲಿರುಳು ದುಡಿದದ್ದೇ ಆ ಒಂದು ಭಾಗ್ಯಕ್ಕಾಗಿ.