ಶೆಡ್ ಬಿಟ್ಟು ಬಂದ ಐದು ಕೋಳಿಗಳು

ಮೊಟ್ಟೆ ಫಾರಂನ ಶೆಡ್ ಖಾಲಿ ಮಾಡುವ ವಾರ ಬಂತೆಂದರೆ ಆ ಬೀದಿಯವರೆಲ್ಲ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಹಳೇ ಕೋಳಿಗಳನ್ನು ಕಸಾಯಿಖಾನೆಗೆ ಸಾಗಿಸುವ ಲಾರಿ, ಅದರ ಡ್ರೈವರ್‌ನ ಮನೆಯ ಮುಂದೆಯೇ ನಿಲ್ಲುತ್ತಿತ್ತು. ಗಾಳಿ ಬೀಸಿದರೆ ಪುಕ್ಕ, ಬೀಸದಿದ್ದರೆ ನಾತ. ಡ್ರೈವರ್‌ನ ಮೂಗು ಮಾತ್ರ ಎಂದೋ ಮರಗಟ್ಟಿತ್ತು. "ಮೊಟ್ಟೆ ಇಡೋವರೆಗೂ ಕೋಳಿ, ನಿಲ್ಲಿಸಿದ ದಿನ ಮೂಟೆ. ಮೂಟೆ ಹೊರೋದಷ್ಟೇ ನನ್ನ ಕೆಲಸ" ಎನ್ನುತ್ತಿದ್ದ.

ಅಂಥವನ ಹೆಂಡತಿಯೇ ಅಂಥ ಐದು ಮೂಟೆಗಳನ್ನು ಮನೆಗೆ ತಂದಳು. ಅವಳು ಬಟ್ಟೆ ಹೊಲಿಯುವವಳು, ಬೀದಿಗೆಲ್ಲ ಟೈಲರಕ್ಕ. ಸಾಕುವವರಿಗೆ ಶೆಡ್‌ನವರು ಕೆಲವು ಕೋಳಿ ಕೊಡುತ್ತಾರಂತೆ ಎಂದು ಪಕ್ಕದ ಬೀದಿಯ ಪಶುವೈದ್ಯೆ ಹೇಳಿದ್ದೇ ತಡ, ಬೆಳಗ್ಗೆಯೇ ರಟ್ಟಿನ ಪೆಟ್ಟಿಗೆ ಹಿಡಿದು ಓಡಿದ್ದಳು.

ಮಧ್ಯಾಹ್ನ ಊಟಕ್ಕೆ ಬಂದ ಡ್ರೈವರ್ ಹಿತ್ತಲಿಗೆ ಇಣುಕಿದ. ಪುಕ್ಕ ಉದುರಿ ಕೆಂಪಾದ ಮೈ, ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂಥ ಜುಟ್ಟು, ಸುರುಳಿ ಸುತ್ತಿಕೊಂಡ ಉಗುರು. ಹಿತ್ತಲಿಡೀ ಖಾಲಿ ಬಿದ್ದಿದ್ದರೂ ನಾಲ್ಕು ಕೋಳಿಗಳು ಒಂದಕ್ಕೊಂದು ಅಂಟಿಕೊಂಡು, ಸುತ್ತ ಇನ್ನೂ ಪಂಜರದ ಸರಳುಗಳಿವೆ ಎಂಬಂತೆ ಮುದುಡಿ ಕೂತಿದ್ದವು. ಅವುಗಳಲ್ಲೊಂದು ಕೂತಲ್ಲಿಂದಲೇ ಗೋಡೆಯ ಮೊಳೆಯನ್ನು ಕುಟ್ಟುತ್ತಿತ್ತು. ಐದನೆಯದು ಬಿಸಿಲಲ್ಲಿ ಬಿದ್ದಿತ್ತು.

"ಏನೇ ಇದು? ನಾನು ಹೊರಗೆ ಸಾಗಿಸೋದು, ನೀನು ಒಳಗೆ ಸಾಗಿಸೋದು. ಚೆನ್ನಾಗಿದೆ ನಮ್ಮ ಸಂಸಾರ!"

"ಸಾಕ್ತೀನಿ ರೀ."

"ಸಾಕೋಕೆ ಏನು ಉಳಿದಿದೆ ಅವುಗಳಲ್ಲಿ? ಮೈಮೇಲೆ ಒಂದು ಪುಕ್ಕ ಇಲ್ಲ."

"ನಿಮ್ಮ ತಲೆ ಮೇಲೂ ಒಂದು ಕೂದಲಿಲ್ಲ. ನಾನು ಸಾಕ್ತಾ ಇಲ್ವಾ?"

ಡ್ರೈವರ್ ಬೋಳು ತಲೆ ಸವರಿಕೊಂಡ. "ನೋಡು, ನಾಳೆ ಬೆಳಗ್ಗೆ ಲಾರಿ ಹೊರಡುತ್ತೆ. ಅಷ್ಟರೊಳಗೆ ಎದ್ದು ನಿಂತ್ರೆ ಇಟ್ಕೋ. ಇಲ್ಲಾಂದ್ರೆ ಅದರಲ್ಲೇ ಹೋಗುತ್ವೆ."

"ಆಯ್ತು. ಮೊದಲು ಅದನ್ನ ನೆರಳಿಗೆ ಹಾಕಿ, ಸುಟ್ಟು ಹೋಗುತ್ತೆ."

ಅವನು ಬಗ್ಗಿ ಬಿಸಿಲಲ್ಲಿದ್ದ ಕೋಳಿಯ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದ. ಶೆಡ್‌ನಲ್ಲಿ ಎತ್ತುವುದೇ ಹಾಗೆ, ಒಂದೊಂದು ಕೈಗೆ ಮೂರು ನಾಲ್ಕು. ಲಟಕ್ ಎಂದಿತು. ದೊಡ್ಡ ಸದ್ದೇನಲ್ಲ, ಬೆಂಕಿಕಡ್ಡಿ ಮುರಿದಷ್ಟು. ಕೋಳಿ ಕೂಗಲೂ ಇಲ್ಲ.

ಟೈಲರಕ್ಕ ಕರೆದದ್ದಕ್ಕೆ ಪಕ್ಕದ ಬೀದಿಯ ಆ ಡಾಕ್ಟರಮ್ಮ ಊಟ ಬಿಟ್ಟು ಬಂದರು. ಮುಟ್ಟಿ ನೋಡಿ, "ತೊಡೆ ಮೂಳೆ ಹೋಗಿದೆ. ಇದು ಉಳಿಯಲ್ಲ" ಎಂದರು.

"ನಾನು ಜೋರಾಗಿ ಹಿಡೀಲಿಲ್ಲ ಡಾಕ್ಟ್ರಮ್ಮ. ದಿನಾ ಹಿಡಿಯೋ ಹಾಗೇ ಹಿಡಿದೆ."

"ಹಾಗಾದ್ರೆ ದಿನಾ ಮುರೀತಾ ಇತ್ತು ಅಣ್ಣ. ಲಾರಿ ಸದ್ದಲ್ಲಿ ನಿಮಗೆ ಕೇಳಿಸಿಲ್ಲ, ಅಷ್ಟೆ."

ಡ್ರೈವರ್ ತನ್ನ ಅಂಗೈ ನೋಡಿಕೊಂಡ.

"ಮೊಟ್ಟೆ ಚಿಪ್ಪು ಪುಕ್ಕಟೆ ಬರುತ್ತಾ? ಒಂದೊಂದು ಮೊಟ್ಟೆಗೂ ಅವುಗಳ ಮೂಳೆಯಲ್ಲಿರೋ ಸುಣ್ಣ ಸ್ವಲ್ಪ ಸ್ವಲ್ಪ ಕರಗುತ್ತೆ. ಓಡಾಡೋಕೆ ಜಾಗ ಬೇರೆ ಇಲ್ಲ. ಮೂಳೆ ಹಪ್ಪಳ ಆಗಿರುತ್ತೆ." ಮಾತಾಡುತ್ತಲೇ ಡಾಕ್ಟರಮ್ಮ ಸೂಜಿಗೆ ಔಷಧ ತುಂಬಿದರು. "ನೋವಿಲ್ಲದೆ ಹೋಗಲಿ, ಪಾಪ."

ಟೈಲರಕ್ಕನ ಮಡಿಲಲ್ಲಿ ಅದು ತಣ್ಣಗಾಯಿತು. ಅಲ್ಲಿ ನಿಲ್ಲಲಾರದೆ ಡ್ರೈವರ್ ಉಳಿದವುಗಳ ಕಡೆ ತಿರುಗಿದ. ನೀರಿನ ಬೋಗುಣಿಯ ಪಕ್ಕದಲ್ಲೇ ಇನ್ನೊಂದು ಕತ್ತು ಚಾಚಿ ಸತ್ತಿತ್ತು. ಬೋಗುಣಿ ತುಂಬಿತ್ತು.

"ಬೆಳಗ್ಗೇನೇ ನೀರಿಟ್ಟಿದ್ದೆನಲ್ಲ!" ಟೈಲರಕ್ಕ ಅಳತೊಡಗಿದಳು.

"ಈ ಸೆಕೆಗೆ ಬಾಯಾರಿ ಹೋಗಿದೆ" ಎಂದರು ಡಾಕ್ಟರಮ್ಮ. "ಅಣ್ಣ, ಶೆಡ್‌ನಲ್ಲಿ ಇವು ನೀರು ಕುಡಿಯೋದು ಹೇಗೆ?"

"ತಲೆ ಮೇಲೆ ಪೈಪಿರುತ್ತೆ. ಅದರಲ್ಲಿ ಮೊಳೆ ಥರ ಒಂದು ಇರುತ್ತೆ, ಕುಟ್ಟಿದ್ರೆ ಹನಿ..." ಅವನು ತಟ್ಟನೆ ತಿರುಗಿ ನೋಡಿದ. ಗೋಡೆಯ ಹತ್ತಿರ ಆ ಕೋಳಿ ಇನ್ನೂ ಮೊಳೆ ಕುಟ್ಟುತ್ತಲೇ ಇತ್ತು. ಹುಟ್ಟಿದಾಗಿನಿಂದ ಅದು ಪಾತ್ರೆಯಲ್ಲಿ ನಿಂತ ನೀರು ಕಂಡಿರಲಿಲ್ಲ.

ಡ್ರೈವರ್ ನೆಲಕ್ಕೆ ಕುಕ್ಕರಿಸಿದ. ಬೋಗುಣಿ ಎಳೆದುಕೊಂಡು, ಬೆರಳನ್ನು ನೀರಲ್ಲಿ ಅದ್ದಿ ಆ ಕೋಳಿಯ ಮುಂದೆ ಹಿಡಿದ. ಕೋಳಿ ಹನಿಯನ್ನು ಕುಟ್ಟಿತು. ಮತ್ತೆ ಅದ್ದಿದ, ಬೆರಳು ತಗ್ಗಿಸಿದ, ಮತ್ತೂ ತಗ್ಗಿಸಿದ. ಕೊನೆಗೆ ಕೊಕ್ಕು ನೀರಿಗೆ ತಗುಲಿತು. ಮೂರಕ್ಕೂ ಹಾಗೇ ಕುಡಿಸುವಷ್ಟರಲ್ಲಿ ಅವನ ಊಟ ಆರಿ ತಣ್ಣಗಾಗಿತ್ತು.

ಬೆಳಗ್ಗೆ ಲಾರಿ ಹೊರಡುವ ಹೊತ್ತು. ಮೂರೂ ಬದುಕಿದ್ದವು, ಒಂದೂ ಎದ್ದು ನಿಂತಿರಲಿಲ್ಲ. ಟೈಲರಕ್ಕ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. "ಇನ್ನೊಂದು ದಿನ ಕೊಡಿ ರೀ."

ಅವನು ಬೀದಿಯಲ್ಲಿ ನಿಂತ ಖಾಲಿ ಲಾರಿಯನ್ನು ನೋಡಿದ.

"ಲಾರಿ ಫುಲ್ಲು ಕಣೆ. ಜಾಗ ಇಲ್ಲ."

ಶೆಡ್‌ನಲ್ಲಿ, "ಕಾಲು ಹಿಡೀಬೇಡ್ರೋ, ಮೈ ಹಿಡಿದು ಎತ್ತಿ" ಎಂದ. ಕೋಳಿ ಹಿಡಿಯುವವರು ಬಿದ್ದು ಬಿದ್ದು ನಕ್ಕರು. "ಏನಣ್ಣ, ಕೂಸು ಎತ್ತಿ ಆಡಿಸ್ಬೇಕಾ?" ಲಾರಿ ಎಂದಿನಂತೆಯೇ ತುಂಬಿತು. ಅವನು ಎಂಜಿನ್ ಆರಿಸಿ ನಿಂತಿದ್ದ. ಲಟಕ್, ಲಟಕ್. ಎಲ್ಲವೂ ಕೇಳಿಸಿತು.

ಸಂಜೆ ಮನೆಗೆ ಬಂದಾಗ ಲಾರಿಯ ಪಕ್ಕದ ಸೀಟಿನಲ್ಲಿ ಒಂದು ಪೆಟ್ಟಿಗೆಯಿತ್ತು, ಒಳಗೆ ಮತ್ತಷ್ಟು ಕೋಳಿಗಳು. ಶೆಡ್ ಮಾಲೀಕನನ್ನು ಕೇಳಿಯೇ ತಂದದ್ದು. "ನೆರಳಿಗೆ ಗೋಣಿ ಕಟ್ಟು, ನೀರು ನಾನು ಕುಡಿಸ್ತೀನಿ" ಎಂದು ಹೆಂಡತಿಗೆ ಹೇಳಿ, ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸಿದ.

ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ನಿಮ್ಮೂರ ಹತ್ತಿರವೂ ಇಂಥ ಶೆಡ್ ಇದ್ದೀತು. ಹಿತ್ತಲಲ್ಲಿ ನಾಲ್ಕು ಹೆಜ್ಜೆ ಜಾಗವಿದ್ದರೆ ಕೋಳಿ ತನ್ನಿ. ಒಂದನ್ನೇ ತರಬೇಡಿ, ಒಂಟಿಯಾಗಿ ಕೊರಗುತ್ತದೆ. ರೆಕ್ಕೆ ಸೇರಿಸಿ ಎರಡೂ ಕೈಯಲ್ಲಿ ಮೈ ಹಿಡಿದು ಎತ್ತಿ, ಕಾಲು ಹಿಡಿಯಲೇಬೇಡಿ. ನೀರು ಕುಡಿಯುವುದನ್ನು ನೀವೇ ಕಲಿಸಿ, ಕೊಕ್ಕಿನ ತುದಿ ಮಾತ್ರ ಅದ್ದಿ, ಮೂಗಿನ ತೂತಿಗೆ ನೀರು ಹೋಗದಿರಲಿ. ಪುಕ್ಕ ಬರುವವರೆಗೆ ಬಿಸಿಲು ಬೇಡ, ಹತ್ತಿ ಕೂರಲು ಎತ್ತರದ ಕೋಲು ಬೇಡ. ಮೊದಮೊದಲು ಶೆಡ್‌ನ ಮೇವನ್ನೇ ಹಾಕಿ. ಕತ್ತಲಾದರೆ ಗೂಡು ಸೇರಬೇಕೆಂದು ಅವಕ್ಕೆ ಗೊತ್ತಿಲ್ಲ, ನೀವೇ ಒಳಗೆ ಬಿಡಿ. ಮನೆಯಲ್ಲಿ ಬೇರೆ ಕೋಳಿಗಳಿದ್ದರೆ ಪಶುವೈದ್ಯರು ನೋಡಿ ಹೇಳುವವರೆಗೆ ಸೇರಿಸಬೇಡಿ.

ಎಲ್ಲವೂ ಉಳಿಯುತ್ತವೆ ಎಂದು ನಾವು ಸುಳ್ಳು ಹೇಳುವುದಿಲ್ಲ. ಉಳಿದವು ಮೊಟ್ಟೆ ಇಟ್ಟಾವು, ಇಡದೆಯೂ ಇದ್ದಾವು. ಅವು ಕೊಡಬೇಕಾದದ್ದನ್ನೆಲ್ಲ ಕೊಟ್ಟಾಗಿದೆ, ನಾವು ತಿಂದೂ ಆಗಿದೆ. ಲಾರಿ ಬರುವ ಮುಂಚೆ ಹೋಗಿ ಕೇಳಿ.