ಮಸ್ಕತ್‌ನಲ್ಲಿ ಒಂದು ದಿನ ಮೊದಲು

ಬಿದಿರು ಅಡ್ಡ ಬಿದ್ದಿದೆ, ರಿಕ್ಷಾ ಅಲುಗುವುದಿಲ್ಲ, ಮಿರಜದ ರಸ್ತೆಗೆ ಕಮಾನು ಕಟ್ಟುತ್ತಿದ್ದಾರೆ, ನಾಳೆ ಶನಿವಾರ ಗಣಪತಿ ವಿಸರ್ಜನೆ, ನಾಳೆಯೇ ಅನಂತ ಚತುರ್ದಶಿ, ನಮ್ಮ ಜೈನರ ಉಪವಾಸ, ನಾಳೆ — ಹಾಗಾದರೆ ಮಗಳ ಬಾಣಂತನಕ್ಕೆಂದು ಮಸ್ಕತ್‌ಗೆ ಹೋದ ಜಿನಮತಿ ಮಾವಶಿ, ನಮ್ಮವ್ವನ ಒಡಹುಟ್ಟಿದವರು, ಇವತ್ತೇ ಏಕೆ ಹನಿ ನೀರೂ ಮುಟ್ಟದೆ ಕುಳಿತಿದ್ದಾರೆ? ಈಗಷ್ಟೇ ವಿಡಿಯೊ ಕಾಲ್‌ನಲ್ಲಿ ಕಂಡರು, ಒಣಗಿದ ತುಟಿ, ಬಿಳಿ ಪೊರೆ ಎದ್ದ ತುಟಿ, ತ್ರಿಶಲಾ, ಇಲ್ಲಿ ಹತ್ತಿರ ಬಸದಿ ಇಲ್ಲ, ಪಂಚಾಂಗ ಇಲ್ಲ, ನಿನ್ನ ಆ್ಯಪ್ ನೋಡೇ ನೇಮ ಹಿಡದೇನಿ ನೋಡವ್ವಾ, ಅಂದರು. ನನ್ನ ಆ್ಯಪ್, ಜೈನರ ವ್ರತ-ತಿಥಿ ತೋರಿಸುವುದು, ಸಾಂಗ್ಲಿಯ ಆಫೀಸಿನಿಂದ ಬಂದು ಕಣ್ಣುರಿಯಲ್ಲೇ ಬರೆದದ್ದು, ಪುಕ್ಕಟೆ, ಪುಣ್ಯದ ಕೆಲಸ ಅಂತ, ಬರೀ ತಾರೀಖು ಇಟ್ಟಿದ್ದರೆ ಮುಗಿಯುತ್ತಿತ್ತು, ಅದಕ್ಕೆ ವೇಳೆಯನ್ನೂ ಅಂಟಿಸಿದೆ, ಇಲ್ಲಿಯ ನಡುರಾತ್ರಿ, ಇಲ್ಲಿ ಶನಿವಾರ ಹುಟ್ಟುವ ಗಳಿಗೆ, ಆ ಗಳಿಗೆಗೆ, ಒಂದೂವರೆ ತಾಸು ಹಿಂದಿನ ಮಸ್ಕತ್‌ನಲ್ಲಿ ಇನ್ನೂ ಶುಕ್ರವಾರ ರಾತ್ರಿ, ಅವರ ಫೋನು ಪಾಪ ಅಲ್ಲಿಯ ವೇಳೆಗೆ ಲೆಕ್ಕ ಮಾಡಿ ಶುಕ್ರವಾರದ ತಾರೀಖು ತೋರಿಸಿದೆ, ಊರಿನವರ ಫೋನಿನಲ್ಲೆಲ್ಲ ಸರಿ, ಅದಕ್ಕೇ ಯಾರೂ ಬಾಯಿ ತೆಗೆಯಲಿಲ್ಲ — ಸಾಕಾಗಿದೆ, ತಲೆ ಧಿಮ್ಮೆನ್ನುತ್ತಿದೆ, ಡೋಲು ಬೇರೆ. ಹೇಳದಿದ್ದರೆ ಮಾವಶಿ ನಾಳೆ ಬೆಳಿಗ್ಗೆ ಪಾರಣೆ ಮಾಡುತ್ತಾರೆ, ಚತುರ್ದಶಿಯ ದಿನವೇ ಉಣ್ಣುತ್ತಾರೆ, ಮದುವೆಯಾದಂದಿನಿಂದ ಒಂದು ವರ್ಷವೂ ತಪ್ಪದ ವ್ರತ, ಹೇಳಿದರೆ ಇವತ್ತಿನದನ್ನು ಬಿಡುವವರಲ್ಲ, ಹಿಡಿದ ನೇಮ ನಡುವೆ ಬಿಡುವಂತಿಲ್ಲ, ನಾಳೆಯೂ ಉಪವಾಸ ಇರುತ್ತಾರೆ, ಎಪ್ಪತ್ತರ ಜೀವ, ಶುಗರ್ ಗುಳಿಗೆ, ಆ ಸೆಕೆ, ಆ ತುಟಿ. ಸುಮ್ಮನಿದ್ದುಬಿಡಲೇ, ದೂರದಲ್ಲಿ ಯಾರಿಗೆ ಗೊತ್ತಾಗುತ್ತದೆ, ಮಲಗಬೇಕು ನನಗೆ, ಎರಡು ದಿನ ಮಲಗಬೇಕು — ಬೆರಳು ಆಗಲೇ ಒತ್ತಿದೆ, ರಿಂಗಾಗುತ್ತಿದೆ, ಪರದೆಯ ಮೇಲೆ ಮತ್ತೆ ಆ ಮುಖ, ಮಾವಶಿ, ಚತುರ್ದಶಿ ನಾಳೆ ಅದರಿ, ತಪ್ಪು ನಂದ, ಇವತ್ತಿಂದು ಬಿಡ್ರಿ, ನೀರರೆ ಕುಡೀರಿ, ನಿಮ್ಮ ಕಾಲಿಗೆ ಬೀಳ್ತೇನಿ. ಅವರ ಹಿಂದೆ ಎಲ್ಲೋ ಕೂಸು ಅಳುತ್ತಿದೆ, ಮಾವಶಿ ಅಂದರು, ಹಿಡದದ್ದು ಬಿಡಾಕ ಬರ್ತದೇನು, ನಾಳೆನೂ ಮಾಡ್ತೇನಿ, ಆತು. ನಿಮ್ಮ ಗುಳಿಗಿ, ಮಾವಶಿ — ಅಗಂ ಹುಡುಗಿ, ಸುಮ್ಮನಿರು, ಬಸದ್ಯಾಗ ಯಾರ ಮುಂದೂ ಇದನ್ನ ಆಡಬ್ಯಾಡ, ತಪ್ಪ ಹುಡುಕಿ ನಿನಗ ಹೆಸರಿಡ್ತಾರ. ನಕ್ಕರು, ನನಗೆ ಕೆಟ್ಟದೆನಿಸಬಾರದೆಂದು ನಕ್ಕರು, ನಕ್ಕ ಕೂಡಲೇ ತುಟಿ ಒಡೆಯಿತು, ರಕ್ತ, ನೇಮ ಕೆಟ್ಟೀತೆಂದು ನಾಲಿಗೆಯಿಂದ ಸವರಲೂ ಇಲ್ಲ, ಸೆರಗಿನ ತುದಿ ಒತ್ತಿಕೊಂಡರು, ಸೆರಗು ತೆಗೆದರು, ಮತ್ತೆ ಒಂದು ಹನಿ, ತುಟಿಯ ಮೇಲೆ